ಹಾಜಿ ಸಾಬನ ಹೆಸರು

ನನ್ನ ಅಪ್ಪನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರ್ಯಾದೆಗಾಗಿ ಅಲ್ಲ. ಮಕ್ಕಾದಿಂದ ಬಂದ ಮೇಲೆ ಆ ಹೆಸರು ಯಾರಿಗೂ ಬೇಕಾಗಲಿಲ್ಲ. ಹುಕ್ಕೇರಿಯ ಮಂದಿಗೆಲ್ಲ ಅವನು ಹಾಜಿ ಸಾಬನಾದ. ಗಾದಿ ತುಂಬಿಸಲು ಬಂದವರು, ಕಚೇರಿಯ ಸಿಪಾಯಿ, ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿ ಸಹ ಹಾಗೆಯೇ ಕರೆದರು. ಅದಕ್ಕೂ ಮೊದಲು ಆ ಹೆಸರನ್ನು ಊರೆಲ್ಲ ಕೂಗುತ್ತಿತ್ತು, ನಮ್ಮವ್ವ ಒಬ್ಬಳನ್ನು ಬಿಟ್ಟು.

ನಾವು ಪಿಂಜಾರರು. ಹತ್ತಿ ಹಿಂಜುವುದು, ಗಾದಿ ತುಂಬುವುದು ನಮ್ಮ ಕಸುಬು. ಮನೆಯಲ್ಲಿ ಆಡುವುದು ಕನ್ನಡ. ನಮಾಜು ರೋಜಾ ಬಿಟ್ಟರೆ ಉಳಿದ ನಡೆನುಡಿಯೆಲ್ಲ ಬಾಜೂ ಮನೆಯ ಲಿಂಗಾಯತರ ಹಾಗೆಯೇ. ಗಂಡನ ಹೆಸರು ಹೇಳಬಾರದೆನ್ನುವ ಕಟ್ಟಳೆಯೂ ಅವರಿಗೂ ನಮಗೂ ಒಂದೇ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಹೆಂಡತಿಯ ಹೆಸರನ್ನು ಗಂಡ ಹೇಳದಿದ್ದರೆ ಯಾರ ಆಯುಷ್ಯ ಹೆಚ್ಚುತ್ತದೋ ನನಗೆ ಯಾರೂ ತಿಳಿಸಲಿಲ್ಲ. ಅಪ್ಪ ಅವ್ವನನ್ನು "ಏ" ಎನ್ನುತ್ತಿದ್ದ. ಅಷ್ಟಕ್ಕೇ ಅವಳು ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದಳು.

ಒಮ್ಮೆ ಖಾನೇಸುಮಾರಿಗೆಂದು ಸಾಲಿ ಮಾಸ್ತರನೊಬ್ಬ ಮನೆಮನೆಯ ಮಂದಿಯನ್ನು ಬರೆದುಕೊಳ್ಳುತ್ತ ನಮ್ಮ ಓಣಿಗೆ ಬಂದ. ಅಪ್ಪ ಮನೆಯಲ್ಲಿರಲಿಲ್ಲ. ಯಜಮಾನನ ಹೆಸರೇನು ಎಂದು ಕೇಳಿದರೆ ಅವ್ವ ಬಾಗಿಲ ಮರೆಗೆ ಸರಿದು ಬಾಜೂ ಮನೆಯ ಗೌಡತಿಯನ್ನು ಕರೆದಳು. ಗೌಡತಿ ನಮ್ಮಪ್ಪನ ಹೆಸರು ಹೇಳಿದಳು. ಮುಂದಿನ ಮನೆ ಗೌಡತಿಯದೇ. ಅಲ್ಲಿ ಆಕೆ ಬಾಯಿಗೆ ಸೆರಗು ಒತ್ತಿ ನಿಂತಳು, ಅವ್ವ ನಮ್ಮ ಕಟ್ಟೆಯಿಂದಲೇ ಆಕೆಯ ಗಂಡನ ಹೆಸರು ಹೇಳಿದಳು.

"ನೋಡ್ರಿ ಮತ್ತ, ಗಂಡಂದಿರು ಅದಲಿ ಬದಲಿ ಆಗಿ ಸರಕಾರದಾಗ ಬರದು ಹೋದೀತು" ಎಂದು ಮಾಸ್ತರ ಚೇಷ್ಟೆ ಮಾಡಿದ.

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆ ಮೇಲೆ ಎಷ್ಟೋ ದಿನ ಹಿತ್ತಿಲ ಗೋಡೆಯ ಮೇಲಿಂದ ಅದೇ ಮಾತು ತೆಗೆದು ನಗುತ್ತಿದ್ದರು. ಆಗ ಅದು ನಗುವ ಮಾತೇ ಆಗಿತ್ತು.

ಹಜ್ಜಿಗೆ ಹೋಗುವ ಮಾತು ಮೊದಲು ಎತ್ತಿದವಳು ಅವ್ವ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷ ಇದ್ದ ಕಾಲ. ನಾನು ಆಗಲೇ ಮದುವೆಯಾಗಿ ಗೋಕಾಕದಲ್ಲಿದ್ದೆ. ಅವ್ವನಿಗೆ ಅಣ್ಣತಮ್ಮಂದಿರಿಲ್ಲದ್ದರಿಂದ ತುಕ್ಕಾನಟ್ಟಿಯ ತವರಿನ ಎರೆಹೊಲ ಅವಳ ಪಾಲಿಗೆ ಬಂದಿತ್ತು. ಅದನ್ನು ಮಾರಿ ದೇವರ ಮನೆ ನೋಡಿ ಬರುವುದೊಂದೇ ಅವಳ ಆಸೆ. ಹೆಣ್ಣು ಒಬ್ಬಳೇ ಹಜ್ಜಿಗೆ ಹೋಗುವಂತಿಲ್ಲ, ಗಂಡನೋ ಅಣ್ಣನೋ ಮಗನೋ ಜೊತೆಗಿರಬೇಕು. ಹಾಗಾಗಿ ಅವಳು ಅಪ್ಪನನ್ನು ಕರೆದುಕೊಂಡು ಹೋದಳು. ಊರಿನ ಬಾಯಲ್ಲಿ ಅದು ತಿರುವುಮುರುವಾಯಿತು. ಎಂಥ ಗಂಡ ನೋಡ್ರಿ, ಹೆಂಡತಿಗೂ ಮಕ್ಕಾ ತೋರಸಾಕ ಹೊಂಟಾನ, ಎಂದರು. ಅವ್ವನೂ ಅದನ್ನೇ ಹೇಳಿಕೊಂಡು ತಿರುಗಿದಳು.

ಹೊರಡುವ ಮುಂಚೆ ಊರ ಮಂದಿಯ ಹತ್ತಿರ ಮಾಫಿ ಕೇಳಬೇಕು. ಯಾರ ಮನಸ್ಸನ್ನಾದರೂ ನೋಯಿಸಿ, ಅವರ ಕ್ಷಮೆ ಪಡೆಯದೆ ಹೋದರೆ ಆ ಯಾತ್ರೆ ಬರೀ ತಿರುಗಾಟ. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಮನೆಮನೆಗೆ ಹೋಗಿ ಕೈಮುಗಿದ. "ನಡ್ಯಾಗ ನುಡ್ಯಾಗ ಏನರ ತಪ್ಪಾಗಿದ್ರ ಮಾಫ್ ಮಾಡ್ರಿ." ಹಳೆಯ ಅರಳೆ ತುಂಬಿ ಹೊಸದೆಂದು ಕೊಟ್ಟಿದ್ದ ಗಾದಿಯ ಮಾಲಕನ ಕೈಯನ್ನಂತೂ ಬಿಡಲೇ ಇಲ್ಲ. ಆತ ಕಣ್ಣೀರು ಹಾಕಿ ಅಪ್ಪಿಕೊಂಡ. ಊರೆಲ್ಲ ಮುಗಿಸಿ ಮನೆಗೆ ಬಂದವನು ಹೆಂಡತಿಯ ಹತ್ತಿರ ಏನೂ ಕೇಳಲಿಲ್ಲ. ಕೇಳುವ ಪದ್ಧತಿ ಇರಲಿಲ್ಲ. ಅವ್ವನೇ ಬಾಗಿ ಅವನ ಪಾದ ಮುಟ್ಟಿ, "ನನ್ನಿಂದ ಏನರ ತಪ್ಪಾಗಿದ್ರ" ಎಂದಳು. ಅವನು ದೊಡ್ಡ ಮನಸ್ಸು ಮಾಡಿದ.

ವಿಧಿಗಳನ್ನು ಕಲಿಸಲು ಮುಲ್ಲಾ ಬಂದರು. ವಯಸ್ಸಾದ, ಮೆತ್ತಗಿನ ಮನುಷ್ಯ. ಅಂಗಳದ ನಡುವೆ ಜೋಳದ ಬುಟ್ಟಿ ಬೋರಲು ಹಾಕಿ, ಇದೇ ಕಾಬಾ ಎಂದುಕೊಳ್ಳಿರೆಂದು ಇಬ್ಬರನ್ನೂ ಅದರ ಸುತ್ತ ಏಳು ಸುತ್ತು ಹಾಕಿಸಿದರು. ಅಪ್ಪ ಮುಂದೆ, ಅವ್ವ ಹಿಂದೆ. ಮುಜ್ದಲಿಫಾ ಎಂಬ ಬಯಲಿನಲ್ಲಿ ಸಣ್ಣ ಹರಳು ಆರಿಸಿಕೊಳ್ಳುವುದು, ಮಿನಾ ಎಂಬ ಕಣಿವೆಯಲ್ಲಿ ಸೈತಾನನ ಕಂಬಕ್ಕೆ ಅವನ್ನು ಎಸೆಯುವುದು, ಎಲ್ಲವನ್ನೂ ಕೈಮಾಡಿ ತೋರಿಸಿದರು. ಗಂಡಸರು ಹೊಲಿಗೆ ಇಲ್ಲದ ಎರಡು ಬಿಳಿ ಅರಿವೆ ಮಾತ್ರ ಉಡಬೇಕು. ದೊರೆ ಯಾರು ಪಿಂಜಾರ ಯಾರು ಎಂದು ಗೊತ್ತಾಗಬಾರದು, ಅದು ಅದರ ಅರ್ಥ ಎಂದರು. ಹೆಂಗಸರಿಗೆ ಆ ಅರಿವೆ ಇಲ್ಲ, ತಾವು ಉಡುವುದರಲ್ಲೇ ಹೋಗುತ್ತಾರೆ. ಅವರು ಯಾರೆಂದು ಹೇಗೂ ಯಾರಿಗೂ ಗೊತ್ತಿರುವುದಿಲ್ಲ. ಈ ಕೊನೆಯ ಮಾತು ಮುಲ್ಲಾ ಹೇಳಿದ್ದಲ್ಲ, ನನ್ನದು.

"ಮಿನಾದಾಗ ಗದ್ದಲ ಭಾಳ. ಹೋಗಾವ್ರಿಗೂ ಬರಾವ್ರಿಗೂ ಒಂದ ಹಾದಿ. ಕಾಲಾಗ ಸಿಕ್ಕಾವ್ರು ಏಳೂದಿಲ್ಲ. ಮನ್ಯಾಗಿನವ್ರ ಕೈ ಬಿಡಬ್ಯಾಡ್ರಿ" ಎಂದು ಮುಲ್ಲಾ ಎಚ್ಚರಿಸಿದರು.

ಅಪ್ಪನಿಗೆ ನಗು ಬಂತು. "ನಾಕ ಮಂದ್ಯಾಗ ಹೇಣ್ತಿ ಕೈ ಹಿಡಕೊಂಡು ಹೋಗಾಕ ನಾವೇನ ನಾಟಕದವರೇನ್ರಿ?"

ಧುಪದಾಳದ ಬಾಜೂ ಇರುವ ಸ್ಟೇಶನ್ನಿಗೆ ಚಕ್ಕಡಿ ಕಟ್ಟಿಕೊಂಡು ಹೋಗಿ ಕಳಿಸಿ ಬಂದೆವು. ಅಪ್ಪನ ಕೊರಳು ಕಾಣದಷ್ಟು ಹಾರ. ಅವ್ವನ ಕೊರಳಿಗೆ ಗೌಡತಿ ಒಂದು ದಂಡೆ ಹಾಕಿದಳು, ಅದೂ ಹೆಂಗಸರ ಡಬ್ಬಿಯ ಒಳಗೆ, ಯಾರೂ ನೋಡದ ಹಾಗೆ. ಗಾಡಿ ಬಿಡುವಾಗ ಅವ್ವ ಕಿಟಕಿಯಿಂದ ಕೈ ಚಾಚಿ ನನ್ನ ಗಲ್ಲ ಮುಟ್ಟಿದಳು. ನಿನ್ನ ಸಲುವಾಗಿ ಅಲ್ಲಿ ಏನು ಬೇಡಿಕೊಳ್ಳಲಿ ಎಂದು ಕೇಳಿದಳು. ನೀ ಜಲ್ದಿ ಬಾ, ಅಷ್ಟೇ ಸಾಕು, ಎಂದೆ.

ಅವರು ಬರುವ ಸುದ್ದಿ ತಿಳಿದಾಗ ನಾನು ಗೋಕಾಕದಿಂದ ಕರದಂಟು ಕಟ್ಟಿಸಿಕೊಂಡು ಅದೇ ಸ್ಟೇಶನ್ನಿಗೆ ಹೋದೆ. ಹುಕ್ಕೇರಿಯಿಂದ, ಸುತ್ತಲಿನ ಹಳ್ಳಿಗಳಿಂದ ಮಂದಿ ಬಂದು ತುಂಬಿತ್ತು. ಹಾಜಿಯ ಕೈ ಮುಟ್ಟಿದರೂ ಪುಣ್ಯ ಎಂದು ನಮ್ಮವರ ನಂಬಿಕೆ. ಗಾಡಿ ನಿಂತಿತು. ಅಪ್ಪ ಇಳಿದ, ಗಡ್ಡ ಬೆಳೆದಿತ್ತು, ಮುಖ ಕರ್ರಗಾಗಿತ್ತು. ಜಮಜಮ್ ನೀರಿನ ಡಬ್ಬಿಗಳು ಇಳಿದವು, ಖರ್ಜೂರದ ಚೀಲ ಇಳಿಯಿತು, ಟ್ರಂಕು ಇಳಿಯಿತು. ನಾನು ಹೆಂಗಸರ ಡಬ್ಬಿಯ ಕಡೆಗೆ ಓಡಿದೆ. ಅಲ್ಲಿ ಯಾರಾರೋ ಇದ್ದರು. ತಿರುಗಿ ಅಪ್ಪನ ಕಡೆಗೆ ಬರೋಣವೆಂದರೆ ಮಂದಿ ಅವನ ಮೇಲೆ ಬಿದ್ದಿತ್ತು. ನನ್ನ ಕಾಲು ತುಳಿದರು, ಬಳೆ ಒಡೆದರು, ಯಾವನದೋ ಮೊಳಕೈ ನನ್ನ ಎದೆಗೆ ಬಡಿಯಿತು. ಪುಣ್ಯ ತೆಗೆದುಕೊಳ್ಳುವ ಅವಸರದಲ್ಲಿ ಯಾರಿಗೂ ನಾನು ಹಾಜಿಯ ಮಗಳೆಂದು ಕಾಣಲಿಲ್ಲ.

ಕೊನೆಗೆ ಅಪ್ಪನೇ ನನ್ನನ್ನು ನೋಡಿದ. ನಾನು ಕೇಳುವುದಕ್ಕೆ ಮೊದಲೇ, "ನಸೀಬವಂತಿ ನಿಮ್ಮವ್ವ. ಮಿನಾದಾಗ ಕಾಲ್ತುಳಿತಕ್ಕ ಸಿಕ್ಕಳು. ಅಲ್ಲೇ ಮಣ್ಣಾದ್ಲು" ಎಂದ.

ಸುತ್ತಲಿನವರೆಲ್ಲ ಒಂದೇ ದನಿಯಲ್ಲಿ ಅವಳ ನಸೀಬನ್ನು ಕೊಂಡಾಡಿದರು. ಆ ಮಣ್ಣಿನಲ್ಲಿ ಸತ್ತವರಿಗೆ ಸೀದಾ ಸ್ವರ್ಗ, ಯಾರಿಗೆ ಸಿಗುತ್ತದೆ ಇಂಥ ಸಾವು, ಎಂದರು. ನನಗೆ ಅಳಲು ಸಹ ಜಾಗ ಇರಲಿಲ್ಲ. ಒಬ್ಬ ಮುದುಕ, "ಅಳಬ್ಯಾಡ ಮಗಳ, ಅಕಿ ಪುಣ್ಯಾ ಕಡಿಮಿ ಆಗತೈತಿ" ಎಂದ. ಇವರ ಲೆಕ್ಕದಲ್ಲಿ ಹೆಣ್ಣು ಬಾಯಿ ತೆರೆದರೆ ಒಂದೋ ಆಯುಷ್ಯ ಕಡಿಮೆಯಾಗುತ್ತದೆ, ಇಲ್ಲವೇ ಪುಣ್ಯ. ಇಷ್ಟು ದಿನ ಯಾಕೆ ಸುದ್ದಿ ಮುಟ್ಟಿಸಲಿಲ್ಲವೆಂದು ಚಕ್ಕಡಿಯಲ್ಲಿ ಅಪ್ಪನನ್ನು ಕೇಳಿದೆ. "ಮುಟ್ಟಿಸಿದ್ರ ನೀವೇನ್ ಮಾಡತಿದ್ರಿ?" ಎಂದ. ಖರೆ, ಏನೂ ಮಾಡುತ್ತಿರಲಿಲ್ಲ. ಅಳುತ್ತಿದ್ದೆವು.

ನಾನು ಹುಕ್ಕೇರಿಯಲ್ಲೇ ಉಳಿದೆ. ಹಾಜಿಯನ್ನು ನೋಡಲು ದಿನವೂ ಮಂದಿ ಬರುತ್ತಿತ್ತು, ಬಂದವರಿಗೆಲ್ಲ ಒಂದು ಖರ್ಜೂರ, ಒಂದು ಗುಟುಕು ಜಮಜಮ್ ಕೊಟ್ಟು ಒಳಗೆ ಹೋಗುವುದು ನನ್ನ ಕೆಲಸ. ಅಪ್ಪ ಯಾತ್ರೆಯ ಕತೆಯನ್ನು ಮೊದಲಿನಿಂದ ಹೇಳುತ್ತಿದ್ದ. ಹಡಗಿನಲ್ಲಿ ಎಲ್ಲರೂ ಒಂದೇ ಬಾಯಿಂದ ಲಬ್ಬೈಕ್ ಎಂದದ್ದು, ಬಂದೆ ದೇವರೇ ಬಂದೆ ಎನ್ನುವ ಆ ಮಾತು ಸಮುದ್ರದ ಮೇಲೆ ಕೇಳಿದಾಗ ತನ್ನಂಥ ಗಟ್ಟಿಗನೂ ಅತ್ತದ್ದು. ಕಾಬಾವನ್ನು ಮೊದಲು ಕಂಡಾಗ ಏನು ಬೇಡಬೇಕೆಂದು ಮರೆತುಹೋದದ್ದು. ಅರಫಾತಿನ ಬಯಲಿನಲ್ಲಿ ಬಿಸಿಲಲ್ಲಿ ನಿಂತದ್ದು. ಅವನು ಚೆನ್ನಾಗಿ ಹೇಳುತ್ತಿದ್ದ, ಸುಳ್ಳು ಹೇಳಬಾರದು. ಕೇಳುತ್ತ ಕೇಳುತ್ತ ನನಗೂ ಅಲ್ಲಿಗೆ ಹೋಗಬೇಕೆನಿಸುತ್ತಿತ್ತು. ಅವ್ವ ಅದನ್ನೆಲ್ಲ ನೋಡಿದ ಮೇಲೆಯೇ ಸತ್ತಳಲ್ಲ ಎಂದು ಒಂದು ಗಳಿಗೆ ಸಮಾಧಾನವೂ ಆಗುತ್ತಿತ್ತು.

ಆಮೇಲೆ ಮಿನಾದ ಕತೆ. ಅದನ್ನು ಅವನು ಯಾವಾಗಲೂ ಒಂದೇ ರೀತಿ ಹೇಳುತ್ತಿದ್ದ.

"ಕಲ್ಲ ಹೊಡ್ಯಾಕ ಹೊಂಟಿದ್ವಿ. ಇಕ್ಕಟ್ಟ ಹಾದಿ. ಹೊಡದು ಬರಾವ್ರು ಎದರಿಗೆ ನುಗ್ಗಿದ್ರು. ಉಸರ ಆಡವಲ್ದು. ಅಷ್ಟರಾಗ ಹಿಂದಿಂದ ಯಾವಾಕೋ ನನ್ನ ಹೆಸರ ಹಿಡದು ಒದರಾಕತ್ತಿದ್ಲು. ನನ್ನ ಹೆಸರಿನವ್ರು ಅಲ್ಲೇನ ಕಮ್ಮೀನ? ಭಾಳ ಮಂದಿ ತಿರಗಿ ನೋಡಿದ್ರು. ನಾ ನೋಡ್ಲಿಲ್ಲ. ನಮ್ಮ ಮನ್ಯಾಕಿ ಗಂಡನ ಹೆಸರ ಹಿಡದು ಕರ್ಯಾಕಿ ಅಲ್ಲ ಅನ್ನೂದು ನನಗ ಗೊತ್ತಿತ್ತು. ನಮ್ಮಾಕಿ ಅಂಥಾಕಿ."

ಕೇಳಿದವರು ತಲೆದೂಗುತ್ತಿದ್ದರು. ಅಂಥ ಹೆಣ್ಣುಮಗಳು ಸಿಗುವುದು ಗಂಡನ ಪುಣ್ಯ ಎನ್ನುತ್ತಿದ್ದರು. ಒಳಗೆ ಕೂತು ಕೇಳುತ್ತಿದ್ದ ನನಗೂ ಮೊದಲ ಸಲ ಎದೆ ತುಂಬಿ ಬಂದಿತ್ತು. ಸತ್ತ ತಾಯಿಯನ್ನು ಹೊಗಳಿದರೆ ಯಾವ ಮಗಳಿಗೆ ಬೇಡ?

ಅವ್ವನ ಹೆಸರಿನಲ್ಲಿ ಫಾತೆಹಾ ಓದಿಸುವ ದಿನ ಮೂಡಲಗಿಯಿಂದ ಒಬ್ಬ ಹೆಂಗಸು ಬಂದಳು. ಗಂಡ ಸತ್ತವಳು, ಅಣ್ಣನ ಜೊತೆಗೆ ಅದೇ ಹಡಗಿನಲ್ಲಿ ಹಜ್ಜಿಗೆ ಹೋಗಿದ್ದವಳು. ಒಂದು ತೋಳು ಮುರಿದು ಡೊಂಕಾಗಿ ಕೂಡಿತ್ತು. ಅದಕ್ಕೆಂದೇ ಅಣ್ಣತಂಗಿ ಇಬ್ಬರೂ ಜಿದ್ದಾದ ದವಾಖಾನೆಯಲ್ಲಿ ಉಳಿದು, ಮುಂದಿನ ಹಡಗಿಗೆ ಬಂದಿದ್ದರು. ಅಡಿಗೆಮನೆಯಲ್ಲಿ ನನ್ನ ಬಾಜೂ ಕೂತು ಒಂದೇ ಕೈಯಿಂದ ಉಳ್ಳಾಗಡ್ಡಿ ಸುಲಿಯುತ್ತ, ಆ ದಿನ ನಿಮ್ಮವ್ವನ ಜೊತೆಗೆ ನಾನೇ ಇದ್ದೆ, ಎಂದಳು. ಅಣ್ಣ ತನ್ನ ಸೊಂಟಕ್ಕೂ ಇವಳ ರಟ್ಟೆಗೂ ಒಂದು ಹಗ್ಗ ಕಟ್ಟಿದ್ದನಂತೆ. ಅಪ್ಪ ಅದನ್ನು ನೋಡಿ, ದನಾ ಕಟ್ಟಿದಂಗ ಕಟ್ಟೀರಲ್ಲ, ಎಂದು ನಕ್ಕಿದ್ದನಂತೆ. ಅವ್ವ ಇವಳ ಇನ್ನೊಂದು ಕೈ ಹಿಡಿದುಕೊಂಡು ನಡೆದಿದ್ದಳು. ಅಪ್ಪ ಯಾವಾಗಿನಂತೆ ಮುಂದೆ.

"ಎರಡೂ ಕಡಿಂದ ಮಂದಿ ಒತ್ತಿತು ನೋಡ ತಂಗಿ. ಕಾಲು ನೆಲಕ್ಕ ಹತ್ತವಲ್ವು. ನಿಮ್ಮಪ್ಪ ದೂರ ಇರಲಿಲ್ಲ. ಈ ಒಲಿಯಿಂದ ಆ ಹಿತ್ತಲ ಬಾಗಲಾತನ, ಅಷ್ಟ. ಬೆನ್ನು ಕಾಣತಿತ್ತು. ನಿಮ್ಮವ್ವ ಮೊದಲ 'ಏನ್ರೀ, ಏನ್ರೀ' ಅಂದ್ಲು. ಆ ಗದ್ದಲದಾಗ ಏನ್ರೀ ಅಂದ್ರ ಯಾರ ಓ ಅಂತಾರ? ಆಮ್ಯಾಲೆ ನಿನ್ನ ಹೆಸರ ಹೇಳಿ, ಅಕೀ ಅಪ್ಪಾ, ಅಂತ ಕರದ್ಲು. ಅವ್ರಿಗೆ ಕೇಳ್ಲಿಲ್ಲ. ಯವ್ವಾ, ಹೆಸರ ಹಿಡದು ಕರಿ, ಜೀವಾ ಹೋಗತೈತಿ, ಅಂದೆ ನಾ."

"ಕರದ್ಲೇನು?" ಎಂದು ಕೇಳಿದೆ. ಕೇಳುವಾಗಲೇ ನನಗೆ ಗೊತ್ತಾಗಿತ್ತು. ಕೈಯೊಳಗಿನ ಸೌಟನ್ನು ಕೆಳಗಿಟ್ಟೆ.

"ನನ್ನ ಮಾರಿ ನೋಡಿದ್ಲು. ಅಂಜಿಕಿಗಿಂತ ನಾಚಿಕಿನ ಜಾಸ್ತಿ ಇತ್ತು ಆ ಮಾರ್ಯಾಗ. ಆಮ್ಯಾಲೆ ಕಣ್ಣ ಮುಚ್ಚಿ ಕರದ್ಲು. ಏನ ದನಿ ಅಂತಿ ತಂಗಿ. ಸುತ್ತ ಇದ್ದ ಮಂದೆಲ್ಲಾ ತಿರಗಿತು. ಎಲ್ಲೆಲ್ಲಿ ದೇಶದವ್ರೋ ಏನೋ, ಆ ಹೆಸರಿನವ್ರು. ನಿಮ್ಮಪ್ಪ ಮುಂದಕ ಹ್ವಾದ್ರು. ಮತ್ತ ಕರದ್ಲು. ಮತ್ತ ಮುಂದಕ ಹ್ವಾದ್ರು. ಅಷ್ಟರಾಗ ನಮ್ಮಣ್ಣ ಹಗ್ಗಾ ಜಗ್ಗಿದ. ನನ್ನ ತೋಳ ಮುರಿತು, ಅಕಿ ಕೈ ಜಾರಿತು."

ಅವಳು ಉಳ್ಳಾಗಡ್ಡಿ ಸುಲಿಯುತ್ತಲೇ ಇದ್ದಳು. ಅವಳಿಗೆ ಅಪ್ಪನ ಕತೆ ಗೊತ್ತಿರಲಿಲ್ಲ. ಪಾಪ, ಗದ್ದಲದಾಗ ಅವ್ರಿಗೆ ಕೇಳಿರಾಕಿಲ್ಲ ಬಿಡು, ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಕೇಳಿಸಿತ್ತು. ಕೇಳಿಸಿದ್ದನ್ನು ಅವನು ಊರಿಗೆಲ್ಲ ಖರ್ಜೂರದ ಜೊತೆಗೆ ಹಂಚಿದ್ದ. ಸಾವಿನ ಬಾಯಲ್ಲಿ ನಿಂತು ನಮ್ಮವ್ವ ಜನ್ಮದಲ್ಲಿ ಮಾಡದ ಒಂದು ಕೆಲಸ ಮಾಡಿದಳು. ಅವಳು ಅದನ್ನು ಮಾಡಲಾರಳೆಂದು ನಂಬಿದ ಗಂಡ ಬೆನ್ನು ತಿರುಗಿಸಿಕೊಂಡೇ ನಡೆದ. ಅವನು ತಿರುಗಿದ್ದರೆ ಅವಳು ಉಳಿಯುತ್ತಿದ್ದಳೇ? ಗೊತ್ತಿಲ್ಲ. ಹತ್ತಿ ಹಿಂಜುವ ಬಿಲ್ಲು ಮಿಡಿದು ಮಿಡಿದು ಗಟ್ಟಿಯಾದ ಭುಜ ಅವನದು, ಎಳೆದುಕೊಳ್ಳಬಹುದಿತ್ತೇನೋ. ಎಳೆಯಲು ಆಗದಿದ್ದರೂ ಅವಳು ಅವನ ಮುಖವನ್ನಾದರೂ ನೋಡಿ ಸಾಯುತ್ತಿದ್ದಳು.

ಹೊರಗೆ ಫಾತೆಹಾ ಮುಗಿದು ಮುಲ್ಲಾ ನಾಲ್ಕು ಮಾತು ಹೇಳುತ್ತಿದ್ದರು. ಎರಡು ಗುಡ್ಡಗಳ ನಡುವೆ ಹಾಜಿಗಳು ಏಳು ಸಲ ನಡೆಯುವುದು ಯಾಕೆ ಎಂಬ ಕತೆ. ಹಿಂದಿನ ಕಾಲದ ಪೈಗಂಬರರೊಬ್ಬರು ಹೆಂಡತಿಯನ್ನೂ ಹಾಲುಗೂಸನ್ನೂ ಆ ಬೆಂಗಾಡಿನಲ್ಲಿ ಬಿಟ್ಟು ಹೊರಟರಂತೆ. ನಮ್ಮನ್ನು ಇಲ್ಲಿ ಬಿಟ್ಟು ಎಲ್ಲಿಗೆ ಹೋಗುತ್ತೀರಿ ಎಂದು ಆ ತಾಯಿ ಹಿಂದಿನಿಂದ ಹೆಸರು ಹಿಡಿದು ಮತ್ತೆ ಮತ್ತೆ ಕರೆದಳಂತೆ. ಅವರು ತಿರುಗಿ ನೋಡಲಿಲ್ಲವಂತೆ. ಕಡೆಗೆ ಕೂಸಿಗೆ ನೀರು ಹುಡುಕುತ್ತ ಅವಳು ಓಡಿದ ಹಾದಿಯಲ್ಲೇ ಇವತ್ತಿಗೂ ಗಂಡಸು ಹೆಂಗಸು ಎಲ್ಲರೂ ನಡೆಯುತ್ತಾರಂತೆ. ಮಂದಿ ಸುಭಾನಲ್ಲಾ ಎಂದರು, ಎಲ್ಲರಿಗಿಂತ ಗಟ್ಟಿಯಾಗಿ ನಮ್ಮಪ್ಪ. ಪರದೆಯ ಹಿಂದೆ ನಿಂತ ನನಗೆ ಮೈ ಉರಿಯಿತು. ಆ ಪೈಗಂಬರರಿಗೆ ಮೇಲಿನವನ ಅಪ್ಪಣೆ ಇತ್ತು. ನಮ್ಮಪ್ಪನಿಗೆ ಯಾರ ಅಪ್ಪಣೆ ಇತ್ತು? ಹುಕ್ಕೇರಿಯ ಓಣಿಯದು.

ಮರುದಿನ ಮುಂಜಾನೆ ಗೋಕಾಕಕ್ಕೆ ಹೊರಡಲು ಗಂಟು ಕಟ್ಟಿದೆ. ಅಪ್ಪ ಕಟ್ಟೆಯ ಮೇಲೆ ಬೀದಿಗೆ ಮುಖ ಮಾಡಿ ಕೂತು ಜಪಮಾಲೆ ಎಣಿಸುತ್ತಿದ್ದ. ಹೋಗಿ ಎದುರಿಗೆ ನಿಂತೆ.

"ಅಪ್ಪಾ, ಮಿನಾದಾಗ ನಿನ್ನ ಹೆಸರ ಹಿಡದು ಕರದಾಕಿ ಅವ್ವನ. ಮೂಡಲಗಿ ಅಕ್ಕ ಬಾಜೂಕ ಇದ್ಲು."

ಅವನ ಕೈ ನಿಂತಿತು. ಆಮೇಲೆ, "ಅಕಿಗೇನ ತಿಳಿತೈತಿ, ತೋಳ ಮುರದಿತ್ತು, ಎಚ್ಚರ ಇದ್ದಿರಾಕಿಲ್ಲ" ಎಂದ.

"ಅಕಿ ಖರೆ ಹೇಳ್ಯಾಳ."

"ನಿಮ್ಮವ್ವ ಹಂಗ ಕರ್ಯಾಕಿ ಅಲ್ಲ" ಎಂದ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಣ್ಣ ಮಕ್ಕಳಿಗೆ ತಿಳಿಸಿ ಹೇಳುವ ಹಾಗಿತ್ತು. "ಅಕಿ ಕರದಿದ್ರ ನಾ ತಿರಗತಿದ್ದಿಲ್ಲೇನು? ಸತ್ತಾಕಿ ಮ್ಯಾಲ ಇಲ್ಲದ್ದು ಹೊರಸಬ್ಯಾಡ. ಹೋಗು, ಚಕ್ಕಡಿ ಬಂದೈತಿ."

ಮತ್ತೆ ಮಾಲೆ ಎಣಿಸತೊಡಗಿದ. ಅವನು ಸುಳ್ಳು ಹೇಳುತ್ತಿಲ್ಲ, ಖರೆಯೇ ಹಾಗೆ ನಂಬಿದ್ದಾನೆ ಎನ್ನುವುದೇ ನನಗೆ ಸಹಿಸಲಾಗಲಿಲ್ಲ. ಕೆಟ್ಟವನಾಗಿದ್ದರೆ ಶಾಪ ಹಾಕಿ ಹೋಗಬಹುದಿತ್ತು. ಇವನು ಹೆಂಡತಿಯ ಮಾನ ಕಾಯುತ್ತ ಕೂತಿದ್ದ, ಅವಳ ಜೀವ ಹೋದ ಮೇಲೆಯೂ. ನಾನು ಗಂಟು ತರಲು ಒಳಗೆ ಹೋದೆ. ಹೊಸ್ತಿಲವರೆಗೆ ಬಂದು ನಿಂತೆ. ಅವನ ಬೆನ್ನು ಕಾಣುತ್ತಿತ್ತು. ಅವನನ್ನು ಪರೀಕ್ಷೆ ಮಾಡಬೇಕೆಂದು ನನ್ನ ತಲೆಯಲ್ಲಿ ಇರಲಿಲ್ಲ. ನನ್ನದೂ ಅವ್ವನದೂ ದನಿ ಒಂದೇ ಎಂದು ಮಂದಿ ಹೇಳುತ್ತಿದ್ದರು, ಅದೂ ನೆನಪಿರಲಿಲ್ಲ. ಹೊಟ್ಟೆಯೊಳಗಿಂದ ಬಂತು, ಕೂಗಿದೆ. ರಿ ಇಲ್ಲ, ಸಾಬ ಇಲ್ಲ, ಅಪ್ಪಾ ಎಂದೂ ಇಲ್ಲ. ಬರೀ ಅವನ ಹೆಸರು.

ಆ ಮನೆಯೊಳಗಿನಿಂದ ಹೆಣ್ಣು ದನಿಯಲ್ಲಿ ಆ ಹೆಸರು ಯಾವತ್ತೂ ಹೊರಗೆ ಬಂದಿರಲಿಲ್ಲ. ಗೌಡತಿ ತನ್ನ ಅಂಗಳದಲ್ಲಿ ಕಸಬರಿಗೆ ಹಿಡಿದು ಹಾಗೇ ನಿಂತಳು. ಅಪ್ಪನ ಕೈಯಿಂದ ಮಾಲೆ ಬಿತ್ತು. ಅವನು ಇಡೀ ಮೈ ಹೊರಳಿಸಿ ಹಿಂದೆ ನೋಡಿದ, ನನ್ನನ್ನಲ್ಲ, ನನ್ನ ಭುಜದ ಆಚೆ, ಒಳಮನೆಯ ಕತ್ತಲೆಯ ಕಡೆಗೆ. ಯಾರಾದರೂ ಬರುತ್ತಾರೇನೋ ಎಂದು ಎಷ್ಟೋ ಹೊತ್ತು ಹಾಗೇ ನೋಡಿದ. ಆಮೇಲೆ ಅವನಿಗೆ ನಾನು ಕಂಡೆ.

ಅಂದರೆ ಅವನಿಗೆ ತಿರುಗಲು ಬರುತ್ತಿತ್ತು.